ತುಟಿಯಕ್ಕ ತಿದ್ದಿಸಿದ ಪುಟ

ಆಕೆಯನ್ನು ಕುಳಿತ ಭಂಗಿಯಲ್ಲಿ ನೆನಪಿಸಿಕೊಳ್ಳಲು ನಾನು ಎಷ್ಟು ಯತ್ನಿಸಿದರೂ ಆಗುವುದಿಲ್ಲ. ನಾನು ಉಪದೇಶಿಯಾಗಿ ನಡೆಸುವ ಬುಧವಾರದ ಪ್ರಾರ್ಥನಾ ಕೂಟಕ್ಕೆ ಎಲ್ಲರಿಗಿಂತ ಮೊದಲು ಬಂದು, ಬಾಗಿಲ ಪಕ್ಕದ ಕುರ್ಚಿಯನ್ನು ಹಿಡಿದು, ಮೊದಲ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಎದ್ದು ನಿಂತಿರುತ್ತಿದ್ದರು. ನಿಂತವರು ಕಿಟಕಿಯವರೆಗೆ ಹೋಗುವರು. ಅಲ್ಲಿಂದ ಗೋಡೆಯವರೆಗೆ ಬರುವರು. ತಿರುಗುವಾಗ ಸೊಂಟವನ್ನು ಓರೆ ಮಾಡಿ, ಹೊದ್ದ ಶಾಲನ್ನು ಎಡಗೈಯಿಂದ ಮೈಗೆ ಒತ್ತಿಕೊಂಡು ತಿರುಗುವರು. ಎರಡು ಮಗ್ಗಗಳ ನಡುವಿನ ಇಕ್ಕಟ್ಟಿನ ಹಾದಿಯಲ್ಲಿ ಮೂವತ್ತೆರಡು ವರ್ಷ ನಡೆದವರ ನಡಿಗೆ ಅದು. ಗಿರಣಿಯ ಬಾಗಿಲು ಮುಚ್ಚಿ ಇಪ್ಪತ್ತು ವರ್ಷವಾಗಿದ್ದರೂ ಆ ಹಾದಿ ಆಕೆಯ ಸೊಂಟವನ್ನು ಬಿಟ್ಟಿರಲಿಲ್ಲ.

ಓಣಿಯಲ್ಲಿ ಚಿಕ್ಕವರಿಂದ ದೊಡ್ಡವರವರೆಗೆ ಎಲ್ಲರೂ ಆಕೆಯನ್ನು ತುಟಿಯಕ್ಕ ಎಂದೇ ಕರೆಯುತ್ತಿದ್ದರು. ನಡೆಯುವಾಗ ಆಕೆಯ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ಅರಿಯದವರು ಜಪವೆಂದು ತಿಳಿದು ಕೈಮುಗಿಯುತ್ತಿದ್ದರು, ಅರಿತವರು ನಗುತ್ತಿದ್ದರು. ಇದರ ಗುಟ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುನ್ನೂರು ಮಗ್ಗಗಳು ಒಂದೇ ಸೂರಿನ ಕೆಳಗೆ ಬಡಿದುಕೊಳ್ಳುವ ಕಡೆ ಮನುಷ್ಯನ ದನಿಗೆ ಬೆಲೆಯಿಲ್ಲ. ಕಿವಿಗೆ ಬಾಯಿಯಿಟ್ಟು ಕೂಗಿದರೂ ಕೇಳದು. ಹೀಗಾಗಿ ಅಲ್ಲಿನ ಹೆಂಗಸರು ದನಿಯನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ತುಟಿಗಳನ್ನು ಸ್ಪಷ್ಟವಾಗಿ ಆಡಿಸಿ, ಹುಬ್ಬನ್ನೂ ಗಲ್ಲವನ್ನೂ ಜೊತೆಗೆ ಸೇರಿಸಿ, ಆರು ಸಾಲು ಆಚೆಗಿನ ಗೆಳತಿಯೊಡನೆ ಸಂಸಾರದ ಸುಖದುಃಖವನ್ನೆಲ್ಲ ಮಾತನಾಡಿ ಮುಗಿಸುತ್ತಿದ್ದರು. ಅದಕ್ಕೆ ತುಟಿಮಾತು ಎಂದು ಹೆಸರು. ತುಟಿಮಾತಿಗೆ ಒಂದು ಮರ್ಯಾದೆಯೂ ಇತ್ತು. ಗಿರಣಿಯಿಂದ ಹೊರಗೆ ಬಂದ ಮೇಲೆ ಸಾಮಾನ್ಯ ಮಾತಿಗೆ ದನಿ ಸೇರುತ್ತಿತ್ತು. ಸಾವು, ಕಾಯಿಲೆ, ಬಸಿರು, ಮನೆಯ ಗುಟ್ಟು ಇವುಗಳನ್ನು ಮಾತ್ರ ಹೊರಗೂ ತುಟಿಯಲ್ಲೇ ಹೇಳುತ್ತಿದ್ದರು, ಗೋಡೆಗಳು ಕೇಳಿಸಿಕೊಳ್ಳಬಾರದೆಂದು. ಯಾರ ಮೇಲಾದರೂ ಕೋಪ ಬಂದರೆ ಮುಖ ತಿರುಗಿಸಿಬಿಟ್ಟರಾಯಿತು. ಅಲ್ಲಿಗೆ ಎದುರಿನವರ ಮಾತು ನಿಂತಂತೆಯೇ.

ಮಗ್ಗಗಳು ಆಕೆಯ ಕಿವಿಯನ್ನು ಸಂಪೂರ್ಣವಾಗಿ ತಿಂದುಹಾಕಿದ್ದವು. ತಮ್ಮ ದನಿ ತಮಗೇ ಕೇಳಿಸುತ್ತಿರಲಿಲ್ಲ. ಆದ್ದರಿಂದ ಕೆಲವೊಮ್ಮೆ ಇಡೀ ಓಣಿಗೆ ಕೇಳುವಂತೆ ಮಾತನಾಡುವರು. ಕೆಲವೊಮ್ಮೆ ಮಾತನಾಡುತ್ತಿದ್ದೇನೆಂದೇ ತಿಳಿದು ಬರಿಯ ತುಟಿ ಆಡಿಸುವರು. ನಾನು ಹೇಳಲು ಹೊರಟಿರುವ ಸಂಗತಿಯೆಲ್ಲ ನಡೆದದ್ದು ಈ ಒಂದು ಕಾರಣದಿಂದ.

ಎಪ್ಪತ್ತರ ಆಕೆ ಅಕ್ಕನ ಮಗನ ಮನೆಯಲ್ಲಿದ್ದರು. ಮನೆ ಅವನದೆಂದು ಹೆಸರಿಗೆ ಮಾತ್ರ; ಅವನನ್ನು ಒಂಬತ್ತು ತಿಂಗಳ ಕೂಸಿನಿಂದ ಸಾಕಿದವರು ಆಕೆಯೇ. ಅಕ್ಕ ಗಿರಣಿಯ ಅವಘಡದಲ್ಲಿ ತೀರಿಕೊಂಡಿದ್ದಳು. ಅಕ್ಕನ ಗಂಡ ಅದೇ ವರ್ಷ ಬೇರೆ ಊರಿನ ಕೆಲಸಕ್ಕೆಂದು ಹೋದವನು ಹಿಂದಿರುಗಲಿಲ್ಲ. ತುಟಿಯಕ್ಕ ಮದುವೆಯಾಗಲಿಲ್ಲ. ಆ ಕೂಸು ಈಗ ನಲವತ್ತೇಳರ ಗಂಡಸು, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನಷ್ಟು ಎಚ್ಚರದ ಮನುಷ್ಯನನ್ನು ನಾನು ಕಂಡಿಲ್ಲ. ಗ್ಯಾಸಿನ ಕೀಲಿಯನ್ನು ಮೂರು ಸಲ ಮುಟ್ಟಿ ನೋಡುವನು. ಸ್ಕೂಟರಿನ ಬ್ರೇಕನ್ನು ನಿಂತಲ್ಲೇ ನಾಲ್ಕು ಸಲ ಒತ್ತಿ ನೋಡದೆ ಹತ್ತುವವನಲ್ಲ.

ಈ ಎಚ್ಚರಕ್ಕೆ ಒಂದು ಪುಸ್ತಕ ಕಾರಣ.

ನಮ್ಮ ನಗರದ ಚರಿತ್ರೆಯನ್ನು ಹೇಳುವ ದಪ್ಪ ಗ್ರಂಥವೊಂದಿದೆ; ನೀಲಿ ರಟ್ಟು, ಆರುನೂರು ಪುಟ. ಗ್ರಂಥಾಲಯದ ಒಂದು ಕಪಾಟಿನ ತುಂಬ ಇಂಥವೇ ಇವೆ. ಗಿರಣಿಯ ಸುವರ್ಣ ಮಹೋತ್ಸವದ ಸಂಚಿಕೆ, ಹಳೆಯ ನಕ್ಷೆಗಳು, ನಗರಸಭೆಯ ಅಧ್ಯಕ್ಷರ ಸಾಲು ಸಾಲು ಭಾವಚಿತ್ರಗಳು. ಚಿಮಣಿಯ ಎತ್ತರ ಎಷ್ಟು ಅಡಿಯೆಂಬುದು ಮೂರು ಪುಸ್ತಕಗಳಲ್ಲಿದೆ, ಮೂರರಲ್ಲೂ ಬೇರೆ ಬೇರೆ. ನಮ್ಮ ಓಣಿಗೆ ಅವುಗಳಲ್ಲಿ ಒಟ್ಟು ಒಂದು ವಾಕ್ಯ ಸಿಕ್ಕಿದೆ: ಇಲ್ಲಿನ ಚರಂಡಿ ವ್ಯವಸ್ಥೆ ಸಾಲದು. ನೀಲಿ ಪುಸ್ತಕದ ಇನ್ನೂರ ಹದಿನಾಲ್ಕನೆಯ ಪುಟದಲ್ಲಿ ಆ ಅವಘಡದ ವಿಷಯವಿದೆ. 'ಸದರಿ ಮಹಿಳೆಯು ಯಾರಿಗೂ ತಿಳಿಸದೆ ಯಂತ್ರದ ಕೆಳಗೆ ಹೋದದ್ದೇ ಅವಘಡಕ್ಕೆ ಕಾರಣವೆಂದು ತನಿಖೆಯಿಂದ ಸಿದ್ಧಪಟ್ಟಿತು.' ಆ ಹುಡುಗನಿಗೆ ಹನ್ನೊಂದು ವರ್ಷವಾಗಿದ್ದಾಗ ಮೇಷ್ಟರು ತರಗತಿಯಲ್ಲಿ ಈ ಪುಟವನ್ನು ಗಟ್ಟಿಯಾಗಿ ಓದಿ, ಅಜಾಗರೂಕತೆಗೆ ಇದು ಉದಾಹರಣೆ ಎಂದರಂತೆ. ಹುಡುಗ ಮನೆಗೆ ಬಂದು ಕೇಳಿದ:

"ನಮ್ಮಮ್ಮ ಅಷ್ಟು ದಡ್ಡಿಯಾಗಿದ್ಲಾ ಚಿಕ್ಕಮ್ಮ?"

ಆಕೆ ಕೊಟ್ಟ ಉತ್ತರ: "ಕೈ ತೊಳ್ಕೊಂಡು ಬಾ, ಊಟ ಮಾಡು."

ಪ್ರಿಯರೇ, ಆ ಉತ್ತರದ ಮೇಲೆ ಆಕೆ ಮೂವತ್ತಾರು ವರ್ಷ ನಡೆದಾಡಿದರು. ಏಕೆಂದರೆ ತಪ್ಪು ಆಕೆಯದಾಗಿತ್ತು.

ಗಿರಣಿಯಲ್ಲಿ ಸಾಲು ಮುಟ್ಟುವುದು ಎಂಬ ಪದ್ಧತಿಯಿತ್ತು. ಮೇಲಿನ ಬೆಲ್ಟು ರಿಪೇರಿಗೆ ನಿಂತಾಗ ಒಂದು ಸಾಲಿನ ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಆ ಬಿಡುವಿನಲ್ಲಿ ಹೆಂಗಸರು ಮಗ್ಗದ ಕೆಳಗೆ ನುಸುಳಿ ಹತ್ತಿಯ ಧೂಳನ್ನು ತೆಗೆಯುತ್ತಿದ್ದರು. ರಿಪೇರಿ ಮುಗಿದರೆ ಫಿಟ್ಟರು ಸಾಲಿನ ತುದಿಯಿಂದ ನೋಡುವನು. ಆಗ ಮೊದಲನೆಯ ಮಗ್ಗದವಳು ಸಾಲಿನುದ್ದಕ್ಕೂ ನಡೆದು, ಉಳಿದ ಆರೂ ಜನರ ಭುಜವನ್ನು ಕೈಯಿಂದ ಮುಟ್ಟಿ, ಎಲ್ಲರೂ ಹೊರಗಿದ್ದಾರೆಂದು ಖಚಿತ ಮಾಡಿಕೊಂಡು ಕೈಯೆತ್ತಬೇಕು; ಆ ಕೈ ಕಂಡೊಡನೆ ಅವನು ಸಾಲನ್ನು ಚಾಲೂ ಮಾಡುವನು. ಕಣ್ಣಿನಿಂದ ಎಣಿಸಬಾರದು, ಮುಟ್ಟಬೇಕು. ಆ ದಿನ ಮೊದಲನೆಯ ಮಗ್ಗದಲ್ಲಿದ್ದವರು ಇಪ್ಪತ್ನಾಲ್ಕು ವರ್ಷದ ನಮ್ಮ ತುಟಿಯಕ್ಕ. ಆಕೆ ಐದು ಭುಜ ಮುಟ್ಟಿ ಕೈಯೆತ್ತಿದರು. ಆರನೆಯದು ಅಕ್ಕನದು.

ಗಿರಣಿಯ ಗುಮಾಸ್ತ ಬರೆದ ಕಾಗದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವರೂ ಆಕೆಯೇ. ಕಾಗದದಿಂದ ಪುಸ್ತಕಕ್ಕೆ, ಪುಸ್ತಕದಿಂದ ತರಗತಿಗೆ, ತರಗತಿಯಿಂದ ಒಬ್ಬ ಹುಡುಗನ ಎದೆಗೆ ಆ ವಾಕ್ಯ ನಡೆದು ಬಂತು. ಇತ್ತೀಚೆಗೆ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಮೆಕ್ಯಾನಿಕ್‌ನ ಮಗಳು ಕಾರು ಓಡಿಸಲು ಕಲಿಯತೊಡಗಿದಾಗ ಅವನು ಹೇಳಿದ: "ನೋಡಮ್ಮಾ, ಕನ್ನಡಿ ನೋಡದೆ ಹಿಂದಕ್ಕೆ ತೆಗೀಬೇಡ. ನಮ್ಮಮ್ಮನ ಹಾಗೆ ಆಗ್ಬೇಡ." ಊಟದ ತಟ್ಟೆಯ ಮುಂದಿದ್ದ ತುಟಿಯಕ್ಕ ಅವನ ತುಟಿಗಳಲ್ಲಿ ಅದನ್ನು ಓದಿದರು. ತಟ್ಟೆ ಬಿಟ್ಟು ಎದ್ದರು. ಅಂದಿನಿಂದ ಕಾಲು ಸುಟ್ಟ ಬೆಕ್ಕಿನಂತಾದರು.

"ಅತ್ತೆ, ಒಂದು ಕಡೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನೋಡಿ ನನ್ನ ಕಾಲು ನೋಯ್ತಿದೆ," ಎಂದು ಮೆಕ್ಯಾನಿಕ್‌ನ ಹೆಂಡತಿ ಎದುರಿಗೆ ನಿಂತು ಹೇಳುವಳು.

"ಕೂತ್ರೆ ತುಕ್ಕು ಹಿಡಿಯುತ್ತೆ ಕಣೇ."

"ಹಿಡೀಲಿ ಬಿಡಿ. ಎಣ್ಣೆ ಹಾಕೋಕೆ ಮನೇಲೇ ಮೆಕ್ಯಾನಿಕ್ ಇದಾರಲ್ಲ."

ಅದೇ ತಿಂಗಳು ಗ್ರಂಥಪಾಲಕಿಯವರು ನನ್ನ ಬಳಿ ಬಂದರು. ನಗರದ ಬಗ್ಗೆ ಹೊಸ ಪುಸ್ತಕವೊಂದು ಬರುತ್ತಿದೆ, ಈ ಸಲ ಅಧ್ಯಕ್ಷರ ಭಾವಚಿತ್ರ ಬೇಡ, ದುಡಿದವರ ಮಾತೇ ಬೇಕು, ಹಳೆಯ ನೇಕಾರ್ತಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಐವತ್ತು ದಾಟಿದ, ಮೃದು ಸ್ವಭಾವದ ಹೆಂಗಸು. ನಾನೇ ಕರೆದುಕೊಂಡು ಹೋದೆ. ತುಟಿಯಕ್ಕ ತಕ್ಷಣ ಒಪ್ಪಿದರು. ನನಗೆ ಸೋಜಿಗವಾಯಿತು. ಆಮೇಲೆ ಆಕೆಯೇ ಕಾರಣ ಹೇಳಿದರು: "ಅವನ ಮುಖ ನೋಡಿ ಹೇಳೋಕೆ ನನ್ನಿಂದ ಆಗಲ್ಲ ಉಪದೇಶಿಗಳೇ. ನೀಲಿ ಪುಸ್ತಕದಲ್ಲಿರೋದು ಸುಳ್ಳು, ಅದಕ್ಕೆ ಸಹಿ ಹಾಕಿದವಳು ನಾನೇ. ಪುಸ್ತಕ ಕೆಡಿಸಿದ್ದನ್ನ ಪುಸ್ತಕಾನೇ ಸರಿ ಮಾಡ್ಲಿ. ಅಚ್ಚಾಗಿ ಬಂದ್ರೆ ಅವನೇ ಓದ್ಕೋತಾನೆ." ಬರೆದುಕೊಡಲು ಆಕೆಗೆ ಬಾರದು. ಓದುವುದನ್ನು ಗಿರಣಿಯ ನೋಟೀಸು ಹಲಗೆಯಿಂದ ಕಲಿತಿದ್ದರು. ಬರೆಯಲು ಬರುತ್ತಿದ್ದದ್ದು ಸಹಿ ಮತ್ತು ಬಟ್ಟೆಯ ಮೇಲೆ ಹಾಕುವ ಮೀಟರಿನ ಅಂಕಿ ಮಾತ್ರ.

ರೆಕಾರ್ಡರನ್ನು ಮೇಜಿನ ಮೇಲಿಟ್ಟು ಗ್ರಂಥಪಾಲಕಿ ಒಂದೊಂದೇ ಪ್ರಶ್ನೆಯನ್ನು ನಿಧಾನವಾಗಿ ತುಟಿ ಕಾಣುವಂತೆ ಕೇಳಿದರು. ತುಟಿಯಕ್ಕ ಅಂದು ಕುಳಿತಿದ್ದರು, ಮುಳ್ಳಿನ ಮೇಲೆ ಕುಳಿತಂತೆ. ಲಾಳಿ ಹಾರಿ ಒಬ್ಬಳ ಹಲ್ಲು ಮುರಿದದ್ದನ್ನು ಹೇಳಿ ನಗಿಸಿದರು. ಸೈರನ್ ಕೂಗುವ ಮುಂಚೆ ಓಣಿಯ ನಾಯಿಗಳು ಎದ್ದು ನಿಲ್ಲುತ್ತಿದ್ದದ್ದನ್ನು ಹೇಳಿದರು. ಅವಘಡದ ಪ್ರಶ್ನೆ ಬಂತು. ಆಕೆ ಎರಡೂ ಕೈಗಳಿಂದ ಮೇಜಿನ ಅಂಚನ್ನು ಹಿಡಿದರು. ಕಣ್ಣುಗಳು ಒದ್ದೆಯಾದವು. ತುಟಿಗಳು ಆಡತೊಡಗಿದವು, ಸದ್ದಿಲ್ಲದೆ, ಬಹಳ ಹೊತ್ತು. ಗ್ರಂಥಪಾಲಕಿ ಗೌರವದಿಂದ ತಲೆ ತಗ್ಗಿಸಿ ಟಿಪ್ಪಣಿ ಪುಸ್ತಕವನ್ನು ನೋಡುತ್ತ ಕುಳಿತರು. ನಾನೂ ತಲೆ ತಗ್ಗಿಸಿದೆ. ನನ್ನ ಕೂಟದ ಒಬ್ಬ ತಾಯಿ ದುಃಖದ ಹೊತ್ತಿನಲ್ಲಿ ದೇವರನ್ನು ನೆನೆಯುತ್ತಿದ್ದಾರಲ್ಲ ಎಂದು ಹಿಗ್ಗಿದೆ ಕೂಡ. ದೇವರು ಈ ಪೆದ್ದುತನವನ್ನು ಕ್ಷಮಿಸಲಿ.

ಮುಗಿದ ಮೇಲೆ ಆಕೆ ಗಟ್ಟಿಯಾಗಿ ಕೇಳಿದರು: "ಎಲ್ಲಾ ಬಂತಾ ಅದ್ರೊಳಗೆ?"

"ಎಲ್ಲಾ ಬಂತು ಅಮ್ಮ," ಎಂದರು ಗ್ರಂಥಪಾಲಕಿ.

ಅಲ್ಲಿಂದ ನಾಲ್ಕು ತಿಂಗಳು ಆಕೆ ಪಟ್ಟ ತಳಮಳವನ್ನು ನೋಡಿದವನು ನಾನು. ಹೇಳಿ ಹಗುರಾದವರಂತೆ ಒಂದು ದಿನ, ನೇಣಿಗೆ ಕಾದವರಂತೆ ಮರುದಿನ. ಬೆಳಗ್ಗೆ ಹತ್ತಕ್ಕೆ ಗ್ರಂಥಾಲಯದ ಬಾಗಿಲು ತೆರೆಯುವಾಗ ಮೆಟ್ಟಿಲ ಮೇಲೆ ಆಕೆ ನಿಂತಿರಲೇಬೇಕು. ನಿವೃತ್ತಿಗೆ ಹತ್ತಿರವಾದ ಅಲ್ಲಿನ ಜವಾನನಿಗೂ ಆಕೆಗೂ ದಿನವೂ ಅದೇ ಸಂಭಾಷಣೆ.

"ಬಂತಾ?"

"ಪುಸ್ತಕ ಅಂದ್ರೆ ಬಸ್ಸಾ ಅಜ್ಜಿ, ಟೈಮಿಗೆ ಬರೋಕೆ?"

"ಬಸ್ಸೂ ಟೈಮಿಗೆ ಬರಲ್ಲ. ನಮ್ಮನೆಯವನೇ ಅದನ್ನ ರಿಪೇರಿ ಮಾಡೋದು, ನಂಗೊತ್ತಿಲ್ವಾ?"

ಹಾಗೆಂದು ಒಳಗೆ ಹೋಗಿ ನೀಲಿ ಪುಸ್ತಕವನ್ನು ತೆಗೆದು ಇನ್ನೂರ ಹದಿನಾಲ್ಕನೆಯ ಪುಟವನ್ನು ತೆರೆಯುವರು, ಮುಚ್ಚುವರು, ಮತ್ತೆ ತೆರೆಯುವರು. ಮನೆಗೆ ಬಂದರೆ ಅಕ್ಕನ ಮಗನ ಹಿಂದೆ ಮುಂದೆ ಸುಳಿಯುವರು. ಅವನು ತಿರುಗಿ ನೋಡಿದರೆ ಬೇರೆ ಕೋಣೆಗೆ ಸರಿಯುವರು.

ಕರಡಚ್ಚು ಬಂದದ್ದು ಒಂದು ಬುಧವಾರ ಮಧ್ಯಾಹ್ನ. ಅಚ್ಚಾಗುವ ಮೊದಲು ಹೇಳಿದವರೇ ಒಮ್ಮೆ ಓದಿ ಒಪ್ಪಬೇಕೆಂಬ ನಿಯಮವಿತ್ತಂತೆ. ಗ್ರಂಥಪಾಲಕಿ ನಾಲ್ಕು ಹಾಳೆ ತಂದರು. ಮರುದಿನ ಮಧ್ಯಾಹ್ನದೊಳಗೆ ಹಾಳೆಗಳು ಮುದ್ರಣಾಲಯಕ್ಕೆ ಹಿಂದಿರುಗಬೇಕಿತ್ತು. ತುಟಿಯಕ್ಕ ಕಿಟಕಿಯ ಬಳಿ ನಿಂತು ಬೆರಳಿಟ್ಟು ಓದಿದರು. ಹಲ್ಲು ಮುರಿದದ್ದು ಇತ್ತು. ನಾಯಿಗಳು ಇದ್ದವು. ಮೂರನೆಯ ಹಾಳೆಯಲ್ಲಿ ಬೆರಳು ನಿಂತಿತು.

'ಗಿರಣಿಯ ಅವಘಡದ ಬಗ್ಗೆ ಕೇಳಿದಾಗ ಈ ಹಿರಿಯ ಜೀವ ಬಹಳ ಹೊತ್ತು ಮೌನವಾಗಿತ್ತು. ಆ ಮೌನವೇ ಎಲ್ಲವನ್ನೂ ಹೇಳುತ್ತಿತ್ತು. ಅವಘಡದ ವಿವರಗಳಿಗೆ ನಗರದ ಚರಿತ್ರೆಯ ಇನ್ನೂರ ಹದಿನಾಲ್ಕನೆಯ ಪುಟವನ್ನು ನೋಡಬಹುದು.'

"ಏನು ಹೇಳ್ತಿತ್ತು?" ಆಕೆಯ ದನಿಗೆ ಕಿಟಕಿಯ ಗಾಜು ನಡುಗಿತು. "ಮೌನ ಏನ್ರೀ ಹೇಳ್ತಿತ್ತು? ಏನೂ ಹೇಳ್ತಿರ್ಲಿಲ್ಲ! ಹೇಳಿದ್ದು ನಾನು! ಮೊದಲಿಂದ ಕೊನೇ ತನಕ ಹೇಳಿದೀನಿ. ಯಾಕೆ ತೆಗೆದ್ರಿ?"

ಗ್ರಂಥಪಾಲಕಿಯ ಮುಖ ಬಿಳುಪೇರಿತು. "ನಾವೇನೂ ತೆಗೀಲಿಲ್ಲ ಅಮ್ಮ. ನೀವು ಮಾತಾಡ್ಲಿಲ್ಲ."

"ಮಾತಾಡ್ಲಿಲ್ವಾ? ಉಪದೇಶಿಗಳು ಇಲ್ಲೇ ಕೂತಿದ್ರು, ಕೇಳಿ."

ನಾನು ಇಲ್ಲವೆಂದು ತಲೆಯಾಡಿಸಿದೆ. ಗ್ರಂಥಪಾಲಕಿ ಚೀಲದಿಂದ ರೆಕಾರ್ಡರನ್ನು ತೆಗೆದು, ಆಕೆಯ ಅಂಗೈಯನ್ನು ಅದರ ಮೇಲಿರಿಸಿ, ಆ ದಿನದ ಮಾತನ್ನು ಹಾಕಿದರು. ದನಿ ಬಂದಾಗಲೆಲ್ಲ ಪೆಟ್ಟಿಗೆ ಅಂಗೈಯ ಕೆಳಗೆ ಅದುರುತ್ತಿತ್ತು. ಆಕೆ ಕಣ್ಣು ಮುಚ್ಚಿ ತಮ್ಮ ಮಾತನ್ನು ಕೈಯಿಂದ ಕೇಳಿಸಿಕೊಂಡರು. ಅವಘಡದ ಪ್ರಶ್ನೆ ಬಂತು. ಅದುರುವಿಕೆ ನಿಂತಿತು. ಒಂದು ನಿಮಿಷ, ಎರಡು ನಿಮಿಷ, ನಾಲ್ಕು. ಅಂಗೈಯನ್ನು ಒತ್ತಿ ಒತ್ತಿ ನೋಡಿದರು. ಕಡೆಗೆ ಮತ್ತೆ ಅದುರಿತು: ಎಲ್ಲಾ ಬಂತಾ ಅದ್ರೊಳಗೆ?

"ನೀವು ಪ್ರಾರ್ಥನೆ ಮಾಡ್ತಿದೀರ ಅಂದ್ಕೊಂಡೆ," ಎಂದರು ಗ್ರಂಥಪಾಲಕಿ, ಅಳುವ ಹಾಗಿದ್ದರು. "ಈಗ ಹೇಳಿ ಅಮ್ಮ, ಈಗಲೇ ಹೇಳಿ. ನಾನು ಬರೀತೀನಿ. ಹಾಳೆ ಕೈಯಲ್ಲೇ ಇದೆ."

ಆಕೆ ಗಂಟಲ ಮೇಲೆ ಕೈಯಿಟ್ಟುಕೊಂಡು ಶುರು ಮಾಡಿದರು. "ಬೆಲ್ಟು ರಿಪೇರಿ ಆಗಿತ್ತು. ಫಿಟ್ಟರು ನನ್ನ ಕಡೆ ನೋಡ್ದ. ನಾನು..." ಅಷ್ಟಕ್ಕೆ ದನಿ ಅಡಗಿತು, ತುಟಿ ಮಾತ್ರ ಮುಂದೆ ಹೋಯಿತು. ಗಂಟಲ ಮೇಲಿನ ಕೈಗೆ ಅದು ತಿಳಿಯಿತು. ಮತ್ತೆ ಮೊದಲಿನಿಂದ ಹೊರಟರು. ಮತ್ತೆ ಅಲ್ಲೇ ನಿಂತರು. ಮೂರನೆಯ ಸಲ ಮುಷ್ಟಿಯಿಂದ ಎದೆಯನ್ನು ಗುದ್ದಿಕೊಂಡರು. ಸಾವಿನ ಮಾತಿಗೆ ದನಿ ಸೇರಿಸುವುದನ್ನು ಆ ಗಂಟಲು ಎಂದೂ ಕಲಿತಿರಲಿಲ್ಲ.

"ನಿಮ್ಮ ತುಟಿಮಾತು ಓದೋಕೆ ಬರೋರು ಇನ್ಯಾರಾದ್ರೂ ಇದಾರಾ?" ಎಂದು ಗ್ರಂಥಪಾಲಕಿ ಕೇಳಿದರು.

ಓಣಿಯಲ್ಲಿ ಇನ್ನೊಬ್ಬರಿದ್ದರು, ಬಾಬಿನ್ ಅಜ್ಜಿ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಷ್ಟರಲ್ಲಿ ಮೆಕ್ಯಾನಿಕ್‌ನ ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದು, ಒಳಗೇನು ನಡೆದಿದೆಯೆಂದು ಅರಿಯದೆ, ನಗುತ್ತ ಹೇಳಿದಳು: "ಬೇರೆಯೋರು ಯಾಕೆ ಮೇಡಂ? ನಮ್ಮನೆಯವರಿಗೆ ಬರುತ್ತಲ್ಲ. ತೊಟ್ಟಿಲಿಂದಲೇ ಇಬ್ಬರದೂ ಅದೇ ಭಾಷೆ. ನಾನು ಮದುವೆಯಾಗಿ ಬಂದಾಗ ಇದೇನು ಮೂಕ ಸಿನಿಮಾನೋ ಅಂದ್ಕೊಂಡಿದ್ದೆ."

"ಬೇಡ!" ಎಂದರು ತುಟಿಯಕ್ಕ. ಆ ಒಂದು ಮಾತಿಗೆ ದನಿ ಬಂತು.

ಚಪ್ಪಲಿ ಮೆಟ್ಟಿ ಹೊರಗೆ ನಡೆದೇಬಿಟ್ಟರು. ನಾನು ಹಿಂದೆಯೇ ಹೋದೆ. ಓಣಿಯನ್ನು ಎರಡು ಸಲ ಸುತ್ತಿ, ಗಿರಣಿಯ ಗೇಟಿನವರೆಗೆ ಹೋಗಿ, ಬೀಗ ಜಡಿದ ಆ ಕಬ್ಬಿಣವನ್ನು ಮುಟ್ಟಿ, ಮತ್ತೆ ತಿರುಗಿದರು. ಎಪ್ಪತ್ತರ ಕಾಲುಗಳ ಜೊತೆ ನನ್ನ ಐವತ್ತೆಂಟರ ಕಾಲುಗಳು ಓಡಬೇಕಾಯಿತು. ಗೇಟಿನ ಮುಂದೆ ಮೂರನೆಯ ಸಲ ಬಂದಾಗ ನಿಂತು, ನನ್ನ ಬಾಯಿಯನ್ನೇ ನೋಡುತ್ತ ಕೇಳಿದರು:

"ಹಾಳೆ ಹಾಗೇ ಹೋಗ್ಲಿ ಅಂದ್ಬಿಟ್ರೆ?"

"ನಿಮ್ಮ ಅಕ್ಕ ಇನ್ನೊಂದು ಪುಸ್ತಕದಲ್ಲಿ ತಪ್ಪಿತಸ್ಥೆಯಾಗಿ ಉಳೀತಾರೆ," ಎಂದೆ.

"ಈಗಾಗ್ಲೇ ಒಂದರಲ್ಲಿ ಇದಾಳಲ್ಲ."

"ಅದು ನಿಮ್ಮ ಸಹಿಯಿಂದ ಆದದ್ದು ಅಂತೀರಿ. ಇದಕ್ಕೂ ನಿಮ್ಮ ಒಪ್ಪಿಗೆಯನ್ನೇ ಕೇಳ್ತಿದಾರೆ."

ಕಟುವಾಗಿ ಆಡಿದೆನೋ ಏನೋ. ಆದರೆ ಪಶ್ಚಾತ್ತಾಪವು ಮನಸ್ಸಿನೊಳಗೇ ಸುತ್ತಿಕೊಂಡಿದ್ದರೆ ಅದು ಮನುಷ್ಯನನ್ನು ತಿನ್ನುವುದೇ ಹೊರತು ಯಾರನ್ನೂ ಬಿಡಿಸುವುದಿಲ್ಲ ಎಂದು ನಾನು ನಂಬಿದವನು. ಅನ್ಯಾಯಕ್ಕೊಳಗಾದವರ ಮುಂದೆಯೇ ಅದು ಬಾಯಿ ಬಿಡಬೇಕು. ಆಕೆ ನಾಲ್ಕನೆಯ ಸುತ್ತಿಗೆ ಹೊರಟರು.

ಮರುದಿನ ಬೆಳಗ್ಗೆ ಎಂಟಕ್ಕೆ ಗ್ರಂಥಪಾಲಕಿಯೂ ನಾನೂ ಹೋದಾಗ ಮೆಕ್ಯಾನಿಕ್ ಡಿಪೋದ ಖಾಕಿ ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದ. ಎದುರಿಗೆ ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ತುಟಿಯಕ್ಕ.

"ನಾನು ಹೇಳಿದ್ದನ್ನ ಹೇಳಿದ ಹಾಗೇ ಹೇಳು," ಎಂದರು ಗಟ್ಟಿಯಾಗಿ. "ನಡುವೆ ನಿಲ್ಲಿಸ್ಬೇಡ. ನಿನ್ನದು ಒಂದು ಮಾತೂ ಸೇರಿಸ್ಬೇಡ."

"ಸರಿ ಚಿಕ್ಕಮ್ಮ. ಮಂತ್ರಿಗಳ ಭಾಷಣಕ್ಕೆ ಅನುವಾದಕ ಇದ್ದ ಹಾಗೆ," ಎಂದು ಅವನು ನಕ್ಕ. "ಬೇಗ ಮುಗ್ಸಿ, ಎರಡು ಬಸ್ಸು ಗಾಲಿ ಬಿಚ್ಕೊಂಡು ಕೂತಿವೆ."

ರೆಕಾರ್ಡರಿನ ಕೆಂಪು ದೀಪ ಹತ್ತಿತು. ಆಕೆಯ ತುಟಿಗಳು ಆಡಿದವು. ಅವನ ದನಿ ಹಿಂಬಾಲಿಸಿತು.

"ನಾನು ಸಾಲಿನ ಮೊದಲನೇ ಮಗ್ಗದವಳು. ಬೆಲ್ಟು ರಿಪೇರಿ ಆಯ್ತು. ಫಿಟ್ಟರು ನನ್ನ ಕಡೆ ನೋಡ್ದ. ನಾನು ಸಾಲು ಮುಟ್ಟೋಕೆ ಹೊರಟೆ. ಒಂದು. ಎರಡು. ಮೂರು. ನಾಲ್ಕು. ಐದು." ಅವನ ಮುಖದ ನಗು ಇನ್ನೂ ಹೋಗಿರಲಿಲ್ಲ. "ಆರನೇದು ಅಕ್ಕಂದು."

ಅವನು ನಿಲ್ಲಿಸಿದ. ಆಕೆ ಬೆರಳಿನಿಂದ ಮೇಜನ್ನು ಬಡಿದರು: ಮುಂದೆ.

"ಮುಟ್ಟಲಿಲ್ಲ. ಬೆಳಗ್ಗೆ ಜಗಳ ಆಗಿತ್ತು. ನನ್ನ ಬಾಚಣಿಗೆ ಹಲ್ಲು ಮುರಿದಿದ್ಲು. ಅಷ್ಟಕ್ಕೇ. ಬೆಲ್ಟು ನಿಂತಾಗ ಅವಳು ನನ್ನ ಹತ್ರ ಬಂದು ಏನೋ ಹೇಳೋಕೆ ಹೋದ್ಲು. ನಾನು ಮುಖ ತಿರುಗಿಸ್ದೆ. ಕೆಳಗೆ ಹೋಗ್ತೀನಿ ಅಂತ ಹೇಳೋಕೇ ಬಂದಿದ್ಲು ಅಂತ ಆಮೇಲೆ ಗೊತ್ತಾಯ್ತು." ಮೆಕ್ಯಾನಿಕ್‌ನ ದನಿ ಈಗ ಕಲ್ಲಿನ ಮೇಲೆ ಕಬ್ಬಿಣ ಎಳೆದಂತಿತ್ತು. "ಐದನೆಯವಳ ಹತ್ರ ನಿಂತೇ ನೋಡ್ದೆ. ಅವಳ ಜಾಗ ಖಾಲಿ ಇತ್ತು. ನೀರಿಗೆ ಹೋಗಿರ್ತಾಳೆ ಅಂದ್ಕೊಂಡೆ. ಇನ್ನೊಂದು ನಾಲ್ಕು ಹೆಜ್ಜೆ. ಅವಳ ಹತ್ರ ಹೋಗೋಕೆ ಮನಸ್ಸಿರ್ಲಿಲ್ಲ. ಕೈ ಎತ್ತಿದೆ."

ಅಡಿಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ಬಾಯಿಗೆ ಕೈಯಿಟ್ಟುಕೊಂಡು ನಿಂತಿದ್ದಳು. ತುಟಿಯಕ್ಕನ ತುಟಿಗಳು ನಿಲ್ಲಲಿಲ್ಲ.

"ಯಾರಿಗೂ ಹೇಳ್ದೆ ಹೋದ್ಲು ಅಂತ ಅವರು ಬರೆದ್ರು. ನಾನು ಸಹಿ ಹಾಕ್ದೆ. ಕೆಲಸ ಹೋದ್ರೆ ಅಕ್ಕನ ಮಗೂನ ಯಾರು ಸಾಕ್ತಾರೆ ಅಂತ ಸಹಿ ಹಾಕ್ದೆ." ತುಟಿಗಳನ್ನು ನೋಡುತ್ತ ಅವನು ಮುಗಿಸಿದ: "ಅಲ್ಲ. ಅದು ನೆಪ. ಹೆದರಿ ಹಾಕ್ದೆ. ಅವಳು ದಡ್ಡಿ ಅಲ್ಲ. ಅವಳು ಹೇಳೋಕೆ ಬಂದಿದ್ಲು."

ದೀಪ ಆರಿತು. ಅವನು ಎದ್ದು ಹಿತ್ತಲಿನ ನಲ್ಲಿಯ ಕೆಳಗೆ ಕೈ ತೊಳೆದುಕೊಂಡ, ಬಹಳ ಹೊತ್ತು, ಡಿಪೋದಿಂದ ಬಂದವನ ಹಾಗೆ. ಇನ್ನೂ ಡಿಪೋಗೆ ಹೋಗಿಯೇ ಇರಲಿಲ್ಲ. ಬಳಿಕ ಯಾರನ್ನೂ ನೋಡದೆ ಹೊರಟುಹೋದ. ಗ್ರಂಥಪಾಲಕಿ ಹಾಳೆಯ ಮೇಲಿನ ಮೂರು ಸಾಲುಗಳನ್ನು ಹೊಡೆದುಹಾಕಿ, ಕೇಳಿದ್ದನ್ನು ಅಂಚಿನುದ್ದಕ್ಕೂ ಬರೆದರು. ತುಟಿಯಕ್ಕ ಓದಿ, ಕೆಳಗೆ ಸಹಿ ಹಾಕಿದರು.

ಇಲ್ಲಿಗೆ ಮುಗಿದಿದ್ದರೆ ಕೂಟದಲ್ಲಿ ಹೇಳಲು ಅನುಕೂಲವಾಗುತ್ತಿತ್ತು. ಮುಗಿಯಲಿಲ್ಲ. ಆ ಮನೆಯಲ್ಲಿ ಮಾತು ಬಿಡಬೇಕಾದರೆ ಬಾಯಿ ಮುಚ್ಚಿದರೆ ಸಾಲದು, ಮುಖ ತಿರುಗಿಸಬೇಕು. ಅವನು ತಿರುಗಿಸಿದ. ಆಕೆ ಎಡಕ್ಕೆ ಬಂದರೆ ಬಲಕ್ಕೆ, ಬಲಕ್ಕೆ ಬಂದರೆ ಗೋಡೆಗೆ. ಅಕ್ಕನಿಗೆ ತಾವು ಮಾಡಿದ್ದನ್ನು ಅಕ್ಕನ ಮಗನಿಂದ ಆಕೆ ದಿನಕ್ಕೆ ಇಪ್ಪತ್ತು ಸಲ ಪಡೆದರು. ಒಂದು ಸಲವೂ ದೂರಲಿಲ್ಲ. ನಡೆಯುವುದನ್ನೂ ನಿಲ್ಲಿಸಲಿಲ್ಲ.

"ಒಬ್ಬರು ಸುತ್ತೋದು, ಇನ್ನೊಬ್ಬರು ಮುಖ ತಿರುಗ್ಸೋದು," ಎಂದು ಅವನ ಹೆಂಡತಿ ನನ್ನ ಮುಂದೆ ಕಣ್ಣೀರಿಟ್ಟಳು. "ನಡುವೆ ನಾನೊಬ್ಬಳು ಕಂಬದ ಹಾಗೆ. ಏನಾದ್ರೂ ಹೇಳಿ ಅವರಿಗೆ, ಉಪದೇಶಿಗಳೇ."

ನಾನು ಡಿಪೋಗೆ ಹೋದೆ. ಬಸ್ಸಿನ ಅಡಿಯಿಂದ ಅವನ ಕಾಲು ಮಾತ್ರ ಕಾಣುತ್ತಿತ್ತು. "ಪ್ರಸಂಗ ಮಾಡೋಕೆ ಬಂದಿದ್ರೆ ಈಗ ಬೇಡ," ಎಂದಿತು ಅಡಿಯಿಂದ ದನಿ. ಕಾಲುಗಳಿಗೆ ನಮಸ್ಕರಿಸಿ ಹಿಂದಿರುಗಿದೆ.

ಮೇಷ್ಟರು ಆ ಪುಟ ಓದಿದ ಮೇಲೆ ಗ್ರಂಥಾಲಯದತ್ತ ಸುಳಿಯದಿದ್ದ ಅವನು ಎಂಟನೆಯ ದಿನ, ಮೂವತ್ತಾರು ವರ್ಷಗಳ ಮೇಲೆ, ಅದರ ಮೆಟ್ಟಿಲನ್ನು ಹತ್ತಿದನಂತೆ. ಗ್ರಂಥಪಾಲಕಿ ಹೇಳಿದ್ದು ಇದು. ನೀಲಿ ಪುಸ್ತಕವನ್ನು ಕೇಳಿದ. ನಿಂತೇ ಓದಿದ. ಇದನ್ನು ತಿದ್ದುವುದಕ್ಕೆ ಆಗುತ್ತದೆಯೇ ಎಂದ. ಅಚ್ಚಾದದ್ದನ್ನು ತಿದ್ದಲಾಗದು, ಬೇಕಾದರೆ ತಿದ್ದುಪಡಿಯ ಚೀಟಿಯೊಂದನ್ನು ಪುಟದ ಬದಿಗೆ ಅಂಟಿಸಬಹುದು ಎಂದರು ಇವರು. ಅವನು ಚೀಟಿಯನ್ನು ಇಸಿದುಕೊಂಡು, ಮೂರು ಸಲ ಬರೆದು ಹರಿದು, ನಾಲ್ಕನೆಯ ಸಲ ಅಚ್ಚಿನಂಥ ಅಕ್ಷರದಲ್ಲಿ ಬರೆದು ಅಂಟಿಸಿದ. ಅಂಟು ಒಣಗಿತೇ ಎಂದು ಮೂರು ಸಲ ಮುಟ್ಟಿ ನೋಡಿದ. ಮರುದಿನ ಬೆಳಗ್ಗೆ ಹತ್ತಕ್ಕೆ ಎಂದಿನಂತೆ ಪುಟ ತೆರೆದ ತುಟಿಯಕ್ಕ ಆ ಚೀಟಿಯನ್ನು ಕಂಡರು. ಅದರಲ್ಲಿ ಇದ್ದದ್ದು ಒಂದೇ ಸಾಲು: ಆಕೆ ತಿಳಿಸಲು ಬಂದಿದ್ದರು. ಕೈಯೆತ್ತಿದವರ ಮಾತು ಅದರಲ್ಲಿ ಇರಲಿಲ್ಲ. ಅದನ್ನು ಹೇಳಲು ಹೊಸ ಪುಸ್ತಕವಿದೆಯಲ್ಲ ಎಂದುಕೊಂಡನೋ, ಹೇಳಲು ಮನಸ್ಸಾಗಲಿಲ್ಲವೋ, ನಾನು ಕೇಳಿಲ್ಲ.

ಆಮೇಲೂ ಮೂರು ವಾರ ಅವನು ಮುಖ ತಿರುಗಿಸಿಯೇ ಇದ್ದ. ಆದರೆ ಮೊದಲಿನಷ್ಟು ಬೇಗ ತಿರುಗಿಸುತ್ತಿರಲಿಲ್ಲ ಎಂದು ಅವನ ಹೆಂಡತಿಯ ವರದಿ.

ಹೊಸ ಪುಸ್ತಕದ ಬಿಡುಗಡೆಯ ದಿನ ಬಂತು. ಓಣಿಯವರೆಲ್ಲ ನಡೆದು ಹೊರಟಿದ್ದೆವು. ತುಟಿಯಕ್ಕ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಹೋಗುವರು, ಹೊರಗೆ ಬರುವರು. ಬರುವುದಿಲ್ಲ ಎನ್ನುವರು, ಬರುತ್ತೇನೆ ಎನ್ನುವರು. ಮೆಕ್ಯಾನಿಕ್ ಸ್ಕೂಟರನ್ನು ಹೊರಗೆ ತಂದು, ಬ್ರೇಕನ್ನು ನಾಲ್ಕು ಸಲ ಒತ್ತಿ ನೋಡಿದ. ಇನ್ನೊಂದು ಹೆಲ್ಮೆಟ್ಟನ್ನು ಹಿಂದಿನ ಸೀಟಿನ ಮೇಲಿಟ್ಟು, ಆಕೆಗೆ ಬೆನ್ನು ಮಾಡಿಯೇ ಕುಳಿತ. ಹೋಗಲಿಲ್ಲ. ಕಾದ.

ಆಕೆ ಹೆಲ್ಮೆಟ್ಟನ್ನು ತಿರುಗಾಮುರುಗಾ ಹಾಕಿಕೊಂಡು, ಸೊಸೆಯಿಂದ ಸರಿ ಮಾಡಿಸಿಕೊಂಡು, ಹತ್ತಿ ಕುಳಿತರು. ನಾನು ಮುಂದುಗಡೆ ನಿಂತಿದ್ದೆ. ಅವನು ಹಿಡಿಯ ಮೇಲಿನ ಕನ್ನಡಿಯನ್ನು ಸ್ವಲ್ಪ ತಿರುಗಿಸಿದ. ಕನ್ನಡಿಯಲ್ಲಿ ಅವನ ಮುಖ ಆಕೆಯ ಮುಖವನ್ನು ನೇರವಾಗಿ ನೋಡಿತು. ತುಟಿಗಳು ಆಡಿದವು. ತುಟಿಮಾತು ಬಾರದ ನನಗೂ ಅವನ ಆ ಒಂದು ಪದ ತಿಳಿಯಿತು: ಹೊರಡೋಣ್ವಾ?

ಆಕೆ ಮೊದಲು ಹಿಂದೆ ತಿರುಗಿ ರಸ್ತೆಯನ್ನು ನೋಡಿದರು. ಬಾಗಿ, ಗಾಲಿಯ ಬಳಿ ಆಡುತ್ತಿದ್ದ ಪಕ್ಕದ ಮನೆಯ ಪುಟ್ಟಿ ದೂರ ಸರಿದಳೇ ಎಂದು ನೋಡಿದರು. ಶಾಲಿನ ಅಂಚನ್ನು ಗಾಲಿಗೆ ಸಿಗದಂತೆ ಮೇಲೆಳೆದುಕೊಂಡರು. ಆಮೇಲೆ ಬಲಗೈಯನ್ನು ಎತ್ತಿ, ಅಕ್ಕನ ಮಗನ ಭುಜವನ್ನು ಮುಟ್ಟಿದರು.

ಸ್ಕೂಟರು ಹೊರಟಿತು.